ಇಪ್ಪತ್ತೊಂದು ದಿನದೊಳಗೆ ಉತ್ತರ ಬಾರದಿದ್ದರೆ

ಸೆಪ್ಟೆಂಬರ್ 4, ಗುರುವಾರ. ಸಂಜೆ 6

ಸಾರಿ. ಬರೆಯಲೇಬಾರದು ಎಂದಿದ್ದೆ. ಒಂಬತ್ತನೇ ಕ್ಲಾಸಿನಲ್ಲಿ ವಾರ್ಡನ್ ಮೇಡಂ ನನ್ನ ಡೈರಿ ಹಿಡಿದು ಊಟದ ಹಾಲಿನಲ್ಲಿ ಗಟ್ಟಿಯಾಗಿ ಓದಿದ ದಿನವೇ ಈ ಚಟಕ್ಕೆ ಕೈ ಮುಗಿದಾಗಿತ್ತು. ಇದೂ ನನ್ನ ಡೈರಿಯಲ್ಲ, ಅಮ್ಮನ ಆಫೀಸಿನದು. ಹಂಚಿ ಮಿಕ್ಕಿದ್ದು. ಮೊದಲ ಪುಟದಲ್ಲಿ ಅಮ್ಮನ ನಗುಮುಖ, ಕೆಳಗೆ 'ಜಿಲ್ಲಾ ಮಂಡಳಿ ಸದಸ್ಯೆ'. ಆ ಪುಟವನ್ನು ಕ್ಲಿಪ್ ಹಾಕಿ ಮುಚ್ಚಿದ್ದೇನೆ. ನೋಡುತ್ತಿದ್ದರೆ ಬರೆಯಲು ಆಗುವುದಿಲ್ಲ.

ಕಾಲೇಜಿನಿಂದ ಬಂದು ಇವತ್ತೂ ಅದೇ ಕೆಲಸ. ಅರ್ಜಿ ಬಿಚ್ಚು, ನಂಬರ್ ಹಾಕು, ಶೀಟಿಗೆ ಏರಿಸು. ಹೆಸರು, ವಿಳಾಸ, ತೊಂದರೆ, ಸ್ಥಿತಿ. 'ಸ್ಥಿತಿ' ಕಾಲಂ ಪೂರಾ ಖಾಲಿ. ಐದು ವರ್ಷದಲ್ಲಿ ಬಂದ ಅರ್ಜಿಗಳು 412. ಜನವರಿಗೆ ಎಲೆಕ್ಷನ್. ಅದಕ್ಕೆ ಮುಂಚೆ ಅಮ್ಮನ ಸಾಧನೆಗಳ ಪುಸ್ತಿಕೆ ಬರಬೇಕು. ಬರೆಯುವುದು ನಾನು. "ಅಷ್ಟು ವರ್ಷ ಹಾಸ್ಟೆಲಲ್ಲಿ ಓದ್ಸಿದ್ದಕ್ಕೆ ಅಷ್ಟಾದ್ರೂ ಬರ್ಬೇಕಲ್ಲ" ಎಂದಳು.

ಹನ್ನೊಂದು ವರ್ಷ. ಅಪ್ಪ ಹೋದಾಗ ನನಗೆ ಆರು. ಏಳಕ್ಕೆ ಹಾಸ್ಟೆಲ್. ಅಮ್ಮ ಆರೋಗ್ಯ ಕೇಂದ್ರದ ನರ್ಸ್ ಕೆಲಸ ಬಿಟ್ಟು ಮಂಡಳಿಗೆ ನಿಂತಳು, ಗೆದ್ದಳು, ಮತ್ತೆ ಗೆದ್ದಳು. ಮನೆಗೆ ಬಂದು ಮೂರು ತಿಂಗಳಾಯಿತು, ಈಗಲೂ ಸ್ನಾನಕ್ಕೆ ಹೊರಟರೆ ಯಾರು ಸಾಲಿನಲ್ಲಿ ಕೊನೆ ಎಂದು ನೋಡುತ್ತೇನೆ. ಮುಂದಿನ ಕೋಣೆ ಅಮ್ಮನ ಆಫೀಸು. ಎರಡು ಮೇಜು, ಒಂದು ಬೆಂಚು. ಬೆಳಿಗ್ಗೆ ಏಳಕ್ಕೇ ಬೆಂಚು ತುಂಬಿರುತ್ತದೆ. ಅಮ್ಮ ಅವರ ಕಣ್ಣು ನೋಡಿ ಮಾತಾಡುತ್ತಾಳೆ. ನನ್ನ ಜೊತೆ ಮಾತಾಡುವಾಗ ಕೈಯಲ್ಲಿ ಫೋನು. ಒಂದು ದಿನ ನಾನೂ ಅರ್ಜಿ ಹಿಡಿದು ಬೆಂಚಿನ ಮೇಲೆ ಕೂರಬೇಕು.

ಕಾಲೇಜು ಗೇಟಿನಲ್ಲಿ ಒಬ್ಬರು ಮರದ ಕುರ್ಚಿಯನ್ನು ಬೆನ್ನಿಗೆ ಬೆಲ್ಟಿನಿಂದ ಬಿಗಿದುಕೊಂಡು ಹೊರಗೆ ಹೋಗುತ್ತಿದ್ದರು. ಖಾಲಿ ಕುರ್ಚಿ. ಫರ್ನಿಚರ್ ಡೆಲಿವರಿ ಇರಬೇಕು. ಪಾಪ, ಒಂದು ಟೆಂಪೊ ಮಾಡಿಕೊಳ್ಳಬಾರದೆ.

ಸೆಪ್ಟೆಂಬರ್ 7, ಭಾನುವಾರ

ಅಮ್ಮ ಹೇಳಿದಳು, ನಾನು ಬರೆದೆ. ಆರೋಗ್ಯ ಕೇಂದ್ರಕ್ಕೆ ಎರಡನೇ ನರ್ಸ್. ಮಾರುಕಟ್ಟೆ ಬಸ್ ಸ್ಟಾಪಿಗೆ ಸೂರು. ಶಾಲೆಯ ಹಿಂದಿನ ಚರಂಡಿಗೆ ಮುಚ್ಚಳ. ಲೈಬ್ರರಿ ಭಾನುವಾರವೂ ತೆರೆಯುವುದು. ಎಲ್ಲ ನಿಜ. ಸೂರಿನ ಕೆಳಗೆ ದಿನಾ ನಾನೇ ನಿಲ್ಲುತ್ತೇನೆ.

"ನಾನು ಅಂತ ಬರೀಬೇಡ, ನಾವು ಅಂತ ಬರಿ."

"ಆಗದೇ ಇರೋದಕ್ಕೆ?"

"ಅದಕ್ಕೆ 'ಮಂಡಳಿ' ಅಂತ ಬರಿ."

ಗುಮಾಸ್ತ ಮಾಮ ಕೆಮ್ಮುತ್ತ ನಕ್ಕರು. ಅಮ್ಮನ ಆಫೀಸಿನ ಹತ್ತು ವರ್ಷದ ಹಳಬರು. ಮೂಗಿನ ಮೇಲೊಂದು ಕನ್ನಡಕ, ಹಣೆಯ ಮೇಲೊಂದು. "ನೋಡು ತಾಯಿ, ನಿಮ್ಮಮ್ಮ ವ್ಯಾಕರಣದಲ್ಲೂ ಪಾಲಿಟಿಕ್ಸ್ ಮಾಡ್ತಾರೆ" ಎಂದರು. ಅಮ್ಮನೂ ನಕ್ಕಳು. ಮೂವರೂ ಒಟ್ಟಿಗೆ ನಕ್ಕದ್ದು ಅದೇ ಮೊದಲು.

ಕೊನೆಯ ಪುಟಕ್ಕೆ 'ಮುಂದಿನ ಆದ್ಯತೆಗಳು'. ಐದು. ಅದನ್ನೇ ನವೆಂಬರ್ 24ರ ಬಜೆಟ್ ಸಭೆಯಲ್ಲಿ ಅಮ್ಮ ಮಂಡಿಸುವುದು. ಪಟ್ಟಿಯಲ್ಲಿ ಇದ್ದದ್ದಷ್ಟೇ ಮುಂದಿನ ವರ್ಷ ಆಗುವುದು. ಮೂರನೆಯದು: ಮಂಡಳಿ ವಸತಿಯ ಮೂರನೇ ಬ್ಲಾಕಿಗೆ ಹೊಸ ಲಿಫ್ಟ್.

ಸೆಪ್ಟೆಂಬರ್ 10, ಬುಧವಾರ

ಅರ್ಜಿ 217. ಮೂರನೇ ಬ್ಲಾಕ್, ಆರನೇ ಮಹಡಿ. ಗೆರೆ ಹಾಳೆ, ಹಸಿರು ಇಂಕು. ಬರೆದವಳಿಗೆ ನನ್ನದೇ ವಯಸ್ಸು, ಅವಳೂ ಫಸ್ಟ್ ಇಯರ್.

'ಲಿಫ್ಟ್ ಎರಡು ವರ್ಷದಿಂದ ನಿಂತಿದೆ. ನನಗೆ ನಿಲ್ಲಲು ಬರುವುದಿಲ್ಲ. ಹಾಗಾಗಿ ಅಪ್ಪ ನನ್ನನ್ನು ಹೊತ್ತು ಇಳಿಯುತ್ತಾರೆ, ಹೊತ್ತು ಹತ್ತುತ್ತಾರೆ. ಸದ್ಯ ನನ್ನ ತೂಕವೂ ಐವತ್ತೊಂದು, ಅಪ್ಪನ ವಯಸ್ಸೂ ಐವತ್ತೊಂದು. ವರ್ಷ ವರ್ಷ ಇಬ್ಬರದೂ ಏರುತ್ತಿದೆ. ಏರದೆ ಇರುವುದು ಲಿಫ್ಟ್ ಒಂದೇ.'

ಮೂರು ಸಲ ಓದಿದೆ. ಇಂಥದ್ದು ನನಗೆ ಜನ್ಮದಲ್ಲಿ ಬರೆಯಲು ಬರುವುದಿಲ್ಲ. ಕೆಳಗೆ ಫೋನ್ ನಂಬರ್ ಇಲ್ಲ. ಇದ್ದರೂ ಮಾಡುತ್ತಿರಲಿಲ್ಲ, ಏನು ಹೇಳಲಿ. ಹಿಂದೆ ಪಿನ್ ಮಾಡಿದ ಚೀಟಿ: ಆಗಸ್ಟಿನಲ್ಲಿ ಮೆಕ್ಯಾನಿಕ್ ಹೋಗಿದ್ದ, 'ಚಾಲೂ ಮಾಡಲಾಗಿದೆ'. ಆದರೆ ಚಾಲೂ ಇದೆಯಾ?

ಸೆಪ್ಟೆಂಬರ್ 12, ಶುಕ್ರವಾರ

'ಸ್ಥಿತಿ' ಕಾಲಂ ದೊಡ್ಡ ತಲೆನೋವು. ಯಾವುದು ಆಯಿತು, ಯಾವುದು ಇಲ್ಲ, ಯಾರಿಗೂ ಪಕ್ಕಾ ಗೊತ್ತಿಲ್ಲ. ಮಾಮ ಫೋನ್ ಮಾಡಲು ಕೂತರು. ಒಂಬತ್ತು ಜನಕ್ಕೆ ಮಾಡುವಷ್ಟರಲ್ಲಿ ಹದಿನಾಲ್ಕು ಹೊಸ ದೂರು. "ಇದು ಬೆಟ್ಟ ಅಗೆದು ಬೆಟ್ಟಾನೇ ಹಿಡಿದ ಹಾಗಾಯ್ತು" ಎಂದು ಫೋನ್ ಇಟ್ಟರು.

ಆಗ ನಾನು ಬಾಯಿ ಬಿಟ್ಟೆ. ಹಾಸ್ಟೆಲಿನಲ್ಲಿ ಕಂಪ್ಲೇಂಟ್ ಬುಕ್ ಇತ್ತು. ನಲ್ಲಿ, ಫ್ಯಾನು, ತಿಗಣೆ, ಏನಿದ್ದರೂ ಅದರಲ್ಲಿ ಬರೆಯಬೇಕು. ಭಾನುವಾರ ವಾರ್ಡನ್ ಮೇಡಂ ಬುಕ್ ಹಿಡಿದು ಕೂರುತ್ತಿದ್ದರು. ಹೋಗಿ ಮತ್ತೆ ಸಹಿ ಹಾಕಿದರೆ ದೂರು ಜೀವಂತ. ಹಾಕದಿದ್ದರೆ ಸರಿಹೋಗಿದೆ ಎಂದರ್ಥ, ಕೆಂಪು ಗೆರೆ. ನಾವೂ ಎಲ್ಲರಿಗೂ ಒಂದು ರಿಪ್ಲೈ ಕಾರ್ಡ್ ಕಳಿಸೋಣ. ಸ್ಟ್ಯಾಂಪ್ ನಮ್ಮದೇ. 'ನಿಮ್ಮ ತೊಂದರೆ ಇನ್ನೂ ಇದ್ದರೆ ತಿಳಿಸಿ. ಇಪ್ಪತ್ತೊಂದು ದಿನದೊಳಗೆ ಉತ್ತರ ಬಾರದಿದ್ದರೆ ಪರಿಹಾರವಾಗಿದೆ ಎಂದು ಭಾವಿಸುತ್ತೇವೆ.'

ಮಾಮ ಹಣೆಯ ಕನ್ನಡಕ ಇಳಿಸಿ ನನ್ನನ್ನು ನೋಡಿದರು. "ಮೌನಂ ಸಮ್ಮತಿ ಲಕ್ಷಣಂ! ಹಿರಿಯರು ಸುಮ್ನೆ ಹೇಳಿದ್ರಾ?"

ಅಮ್ಮ ಫೋನ್ ಕೆಳಗಿಟ್ಟಳು. ಪೂರ್ತಿ ಕೆಳಗೆ, ಮೇಜಿನ ಮೇಲೆ. "ಇಷ್ಟು ದಿನ ಈ ತಲೆ ಎಲ್ಲಿಟ್ಟಿದ್ದೆ ಪುಟ್ಟಿ?" ಎಂದಳು.

ಹಾಸ್ಟೆಲಿನಲ್ಲಿ, ಎನ್ನಬೇಕು ಅನ್ನಿಸಿತು. ಅನ್ನಲಿಲ್ಲ. ಖುಷಿಯಾಗಿತ್ತು.

ಸೆಪ್ಟೆಂಬರ್ 15, ಸೋಮವಾರ

412 ಕಾರ್ಡು ಪೋಸ್ಟ್ ಆಯಿತು. ಎಲ್ಲ ವಿಳಾಸವೂ ನನ್ನ ಕೈಬರಹ. ಬೆರಳು ಊದಿದೆ. 217ರದ್ದನ್ನು ಮಾತ್ರ ಹಸಿರು ಇಂಕಿನಲ್ಲಿ ಬರೆದೆ. ಹುಚ್ಚು.

ಅಕ್ಟೋಬರ್ 6, ಸೋಮವಾರ. ಸಂಜೆ 6

ಇಪ್ಪತ್ತೊಂದನೇ ದಿನ. ಬಂದ ಕಾರ್ಡು 63. ಅದರಲ್ಲಿ 22 'ಆಗಿದೆ, ಥ್ಯಾಂಕ್ಸ್'. 41 'ಆಗಿಲ್ಲ', ಕೆಲವರು ಬೈಗುಳ ಸಮೇತ. ಒಬ್ಬರು ಬರೀ ದೊಡ್ಡ ಸೊನ್ನೆ ಬರೆದು ಕಳಿಸಿದ್ದಾರೆ. ಉಳಿದ 349 ಮೌನ.

ಅಂದರೆ ಪರಿಹಾರವಾದದ್ದು 371.

217 ಬಂದಿಲ್ಲ. ಐದೂವರೆಗೆ ಇನ್ನೊಂದು ಸಲ ಡಬ್ಬಿ ನೋಡಿ ಬಂದೆ. ಇಲ್ಲ. ಅಷ್ಟು ಚೆನ್ನಾಗಿ ಬರೆಯುವವಳು ತೊಂದರೆ ಇದ್ದರೆ ಸುಮ್ಮನಿರುತ್ತಾಳಾ? ಮೆಕ್ಯಾನಿಕ್ ಚೀಟಿ ಬೇರೆ ಇದೆ. ಹೋಗಿ ನೋಡಬಹುದಿತ್ತು, ಎರಡು ಬಸ್ ಅಷ್ಟೆ. ನಾಳೆ ಇಂಟರ್ನಲ್ಸ್. ಅಪರಿಚಿತರ ಬಾಗಿಲು ತಟ್ಟುವುದೆಂದರೆ ನನಗೆ ಕೈ ಬೆವರುತ್ತದೆ.

'ಆಗಿದೆ' ಎಂದು ಟೈಪ್ ಮಾಡಿದೆ.

ಅಕ್ಟೋಬರ್ 9, ಗುರುವಾರ

ಮಾಮ ಶೀಟ್ ನೋಡಿ ಆದ್ಯತೆ ಪಟ್ಟಿ ತಿದ್ದಿದರು. "ಮೂರನೇ ಬ್ಲಾಕಿಂದ ಒಂದೂ ಬಾಕಿ ಇಲ್ವಲ್ಲ? ಹಾಗಾದ್ರೆ ಆ ಲಿಫ್ಟ್ ಯಾಕೆ? ತೆಗೀರಿ." ಆ ಜಾಗಕ್ಕೆ ಮಂಡಳಿ ಕಚೇರಿಯ ಮುಂದೆ ಸ್ವಾಗತ ಕಮಾನು. ಅಮ್ಮ ಫೋನಿನಲ್ಲಿದ್ದಳು, ತಲೆ ಆಡಿಸಿದಳು. ನಾನೂ ಅಲ್ಲೇ ಇದ್ದೆ. ಸ್ಟೇಪ್ಲರ್ ಪಿನ್ ಹಾಕುತ್ತಿದ್ದೆ.

ಅಕ್ಟೋಬರ್ 20, ಸೋಮವಾರ

ಪುಸ್ತಿಕೆ ಬಂತು. ಎಂಟು ಸಾವಿರ ಪ್ರತಿ. ಮುಖಪುಟದಲ್ಲೇ ಕೆಂಪಕ್ಷರ: '412 ಅರ್ಜಿ, 371 ಪರಿಹಾರ'. ಇಂಕಿನ ವಾಸನೆ ಮನೆತುಂಬ. ಮಂಡಳಿ ಸಭೆಯಲ್ಲಿ ಅಮ್ಮ ಅದನ್ನು ಓದಿದಾಗ ಎದುರು ಪಕ್ಷದ ಸದಸ್ಯರು ಬಾಯಿ ಮುಚ್ಚಿ ಕೂತರಂತೆ.

ಮನೆಗೆ ಬಂದು ನನ್ನ ತಲೆಯ ಮೇಲೆ ಕೈ ಇಟ್ಟಳು. ಇಟ್ಟಳು, ತೆಗೆದಳು, ಕೈ ತೊಳೆಯಲು ಹೋದಳು. ನಾನು ಬಹಳ ಹೊತ್ತು ತಲೆ ಅಲ್ಲಾಡಿಸಲಿಲ್ಲ.

ನವೆಂಬರ್ 4, ಮಂಗಳವಾರ. ಬೆಳಿಗ್ಗೆ 8

ಕಾಲೇಜಿಗೆ ಹೋಗಲಿಲ್ಲ.

ಬೆಂಚಿನ ಮೇಲೆ ಇಸ್ತ್ರಿ ಅಂಗಡಿಯ ಹೆಂಗಸು ಕೂತಿದ್ದರು. ಮೂರನೇ ಬ್ಲಾಕಿನ ಕೆಳಗೇ ಅವರ ಅಂಗಡಿ. ಅಮ್ಮನ ಮುಂದೆ ಒಂದೇ ಉಸಿರಿಗೆ ಹೇಳಿದರು. "ಅಕ್ಕಾ, ಆರನೇ ಮಹಡಿ ಬಡಗಿ ನಿನ್ನೆ ಮೆಟ್ಲಲ್ಲಿ ಬಿದ್ಬಿಟ್ಟ. ಮಗಳನ್ನ ಕುರ್ಚಿ ಸಮೇತ ಹೊತ್ಕೊಂಡು ಇಳೀತಿದ್ದ. ನಾಲ್ಕಕ್ಕೂ ಮೂರಕ್ಕೂ ಮಧ್ಯೆ. ಹಿಂದಕ್ಕೆ ಬಿದ್ದಿದ್ರೆ ಹುಡುಗಿ ಅಡಿಗೆ ಸಿಕ್ತಿದ್ಲು. ಬೇಕಂತಲೇ ಮುಂದಕ್ಕೆ ಬಿದ್ದಿದ್ದಾನೆ ಅಕ್ಕಾ. ಬೆನ್ನು ಹೋಯ್ತು ಅಂತಾರೆ. ದೊಡ್ಡಾಸ್ಪತ್ರೇಲಿ ನೋಡೋರಿಲ್ಲ, ಒಂದು ಚೀಟಿ ಕೊಡಿ."

ಅಮ್ಮ ತಕ್ಷಣ ಆಸ್ಪತ್ರೆಗೆ ಫೋನ್ ಮಾಡಿದಳು. ಡಾಕ್ಟರ ಹತ್ತಿರ ಗಟ್ಟಿಯಾಗಿ ಮಾತಾಡಿ ವಾರ್ಡಿನಲ್ಲಿ ಬೆಡ್ ಮಾಡಿಸಿದಳು. ಆಮೇಲೆ ಕೇಳಿದಳು, "ಮಗಳು ಎಲ್ಲಿ?"

"ಅವಳನ್ನ ನಾವೇ ನಾಲ್ಕು ಜನ ಮೇಲಕ್ಕೆ ಎತ್ಕೊಂಡು ಹೋಗಿ ಬಿಟ್ಟಿದ್ದೀವಿ. ಅವನು ಕೆಳಗೆ, ಅವಳು ಮೇಲೆ. ಅಪ್ಪನ್ನ ನೋಡ್ಬೇಕು ಅಂತ ಅಳ್ತಿದ್ದಾಳೆ. ಯಾರು ಇಳಿಸ್ತಾರೆ?"

"ಲಿಫ್ಟ್ ಸರಿಹೋಗಿದೆ ಅಂತಲ್ಲ ಇರೋದು?"

"ಅದು ಆಗಸ್ಟಲ್ಲಿ ಒಂಬತ್ತು ದಿನ ಓಡ್ತು ಅಕ್ಕಾ. ಹತ್ತನೇ ದಿನ ಅದರ ತಿಥಿ ಆಯ್ತು."

ಅಮ್ಮ ಮಾಮನ ಕಡೆ ನೋಡಿದಳು. ಮಾಮ ನನ್ನ ಕಡೆ ನೋಡಿದರು. ನಾನು ಒಳಗೆ ಬಂದು ಬಾಗಿಲು ಹಾಕಿಕೊಂಡೆ.

ಕುರ್ಚಿ ಸಮೇತ. ಫರ್ನಿಚರ್ ಡೆಲಿವರಿ ಎಂದುಕೊಂಡಿದ್ದೆ.

ನವೆಂಬರ್ 5, ಬುಧವಾರ. ಸಂಜೆ

ಹೋಗಿದ್ದೆ. ಎರಡೇ ಬಸ್.

ಕೆಳಗಡೆ ಗೋಡೆಯಲ್ಲಿ ಟಪಾಲು ಡಬ್ಬಿಗಳು, ಸಾಲಾಗಿ ಇಪ್ಪತ್ತನಾಲ್ಕು. ಪೋಸ್ಟ್‌ಮನ್ ಮೇಲೆ ಹತ್ತುವುದಿಲ್ಲವಂತೆ, ಲಿಫ್ಟ್ ಇಲ್ಲದ ಕಡೆ ಯಾಕೆ ಹತ್ತುತ್ತಾನೆ. ಆರನೇ ಮಹಡಿಯ ಡಬ್ಬಿಯ ಸೀಳಿನಲ್ಲಿ ಇಣುಕಿ ನೋಡಿದೆ. ಒಳಗೆ ಜಾಹೀರಾತು, ಕರೆಂಟ್ ಬಿಲ್ಲು, ಅದರ ನಡುವೆ ಹಸಿರು ಇಂಕು. ನನ್ನ ಅಕ್ಷರ.

ಮೆಟ್ಟಿಲು ನೂರಿಪ್ಪತ್ತು. ಖಾಲಿ ಕೈಯಲ್ಲಿ ಹತ್ತಿದರೂ ಎರಡು ಕಡೆ ನಿಂತೆ. ಮೂರನೇ ಮಹಡಿಯ ಮೇಲಿನ ತಿರುವಿನಲ್ಲಿ ಯಾರೋ ನೆಲ ತೊಳೆದಿದ್ದಾರೆ, ಅಲ್ಲಿಷ್ಟೇ ಸಿಮೆಂಟ್ ಬೆಳ್ಳಗಿದೆ.

ಬಾಗಿಲು ತೆರೆದೇ ಇತ್ತು. ಕಿಟಕಿಯ ಹತ್ತಿರ ಹಾಸಿಗೆ, ಅದರ ಮೇಲೆ ಅವಳು. ಕೆನ್ನೆ ತರಚಿದೆ, ಎಡಗೈಗೆ ಬ್ಯಾಂಡೇಜ್. ಗೋಡೆಗೆ ಒರಗಿಸಿದ ಕುರ್ಚಿ, ಒಂದು ಕಾಲು ಮುರಿದಿದೆ. ಬೆಲ್ಟಿಗೆ ಒಳಗಡೆ ಹಳೇ ಕಂಬಳಿಯ ತುಂಡು ಹೊಲಿದಿದ್ದಾರೆ, ಭುಜಕ್ಕೆ ಒತ್ತದ ಹಾಗೆ. ನಾನು ಯಾರೆಂದು ಹೇಳಿದೆ.

"ಮೆಂಬರ್ ಮಗಳಾ? ಕೂತ್ಕೊಳ್ಳಿ. ನಾನು ಎದ್ದು ಮರ್ಯಾದೆ ಕೊಡೋಕಾಗಲ್ಲ, ತಪ್ಪು ತಿಳ್ಕೋಬೇಡಿ."

ನಗಬೇಕೋ ಬೇಡವೋ ಗೊತ್ತಾಗಲಿಲ್ಲ. ನಿಂತೇ ಇದ್ದೆ. ಕಾರ್ಡ್ ಸಿಗಲಿಲ್ವಾ ಎಂದೆ. ಯಾವ ಕಾರ್ಡ್ ಎಂದಳು. ಹೇಳಿದೆ. ಡಬ್ಬಿಯ ಕೀ ಅಪ್ಪನ ಹತ್ತಿರವೇ ಇರುತ್ತಿತ್ತಂತೆ.

"ಅಪ್ಪ ಡಬ್ಬಿ ಮುಂದೇನೇ ಹೋಗ್ತಿದ್ರು. ಆದ್ರೆ ಬೆನ್ನ ಮೇಲೆ ನಾನಿರುವಾಗ ಅವರ ಎರಡು ಕೈನೂ ಕಂಬಿ ಮೇಲೆ. ಡಬ್ಬಿ ಯಾವ ಕೈಯಲ್ಲಿ ತೆಗೀತಾರೆ? ನನ್ನ ಕಾಲೇಜಲ್ಲಿ ಬಿಟ್ಟು ಓಡ್ತಾ ಕೆಲಸಕ್ಕೆ ಹೋಗ್ಬೇಕು. ಪೋಸ್ಟು ಅಂದ್ರೆ ಬಿಲ್ಲು ತಾನೆ, ಇರ್ಲಿ ಬಿಡು ಅಂತಿದ್ರು." ಬ್ಯಾಂಡೇಜಿನ ತುದಿ ಒಳಗೆ ಸಿಕ್ಕಿಸಿದಳು. "ಏನಂತ ಬರೆದಿತ್ತು ಅದರಲ್ಲಿ?"

ಹೇಳಿದೆ. ಇಪ್ಪತ್ತೊಂದು ದಿನ. ಉತ್ತರ ಬಾರದಿದ್ದರೆ.

ಅವಳು ಜೋರಾಗಿ ನಕ್ಕಳು. ತರಚಿದ ಕೆನ್ನೆ ಹಿಡಿದುಕೊಂಡು ನಕ್ಕಳು. "ಅಂದ್ರೆ ಮುಳುಗಿದವನು ಕೂಗದಿದ್ರೆ ಈಜ್ತಿದ್ದಾನೆ ಅಂತ! ಈ ನಿಯಮ ಮಾಡಿದವರದು ತಲೆಯಲ್ಲ ಬಿಡಿ, ಕಬ್ಬಿಣದ ಬೀರು. ಯಾರು ಆ ಪುಣ್ಯಾತ್ಮರು?"

"ಗೊತ್ತಿಲ್ಲ" ಎಂದೆ. ನಾನೂ ನಕ್ಕೆ.

ಇಳಿಯುವಾಗ ನೂರಿಪ್ಪತ್ತೂ ಎಣಿಸಿದೆ.

ನವೆಂಬರ್ 6, ಗುರುವಾರ. ಬೆಳಿಗ್ಗೆ

ಅಮ್ಮನಿಗೆ ಹೇಳಿದೆ. ನಿಂತೇ ಬ್ರೆಡ್ ತಿನ್ನುತ್ತಿದ್ದಳು. ಅವಳ ಮೊದಲ ಪ್ರಶ್ನೆ: "ಇನ್ನೂ ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲ."

ಕೂತಳು. "ಎರಡನೇ ನರ್ಸ್ ತರೋಕೆ ನಾನು ಮೂರು ವರ್ಷ ಅಲೆದಿದ್ದೀನಿ. ಅದು ಸುಳ್ಳಾ?"

"ಅಲ್ಲ."

"ಬಸ್ ಸ್ಟಾಪಿನ ಸೂರು?"

"ಅಲ್ಲಮ್ಮ. 371 ಸುಳ್ಳು."

"ಅದನ್ನ ನಾನೇ ಬಾಯಿ ಬಿಟ್ಟು ಹೇಳಿದ್ರೆ ನಾಳೆ ನರ್ಸೂ ಸುಳ್ಳಾಗ್ತಾಳೆ. ಆ ಹುದ್ದೆ ಕಿತ್ತು ಹಾಕೋಕೆ ಆ ಕಡೆಯವರು ಬಾಯಿ ಬಿಟ್ಕೊಂಡು ಕಾಯ್ತಿದ್ದಾರೆ. ರಾತ್ರಿ ಹೆರಿಗೆಗೆ ಬರೋರು ಮತ್ತೆ ಬೀಗ ನೋಡ್ಕೊಂಡು ವಾಪಸ್ ಹೋಗ್ಬೇಕು. ಅದು ಬೇಕಾ?"

ಅಮ್ಮ ಹೇಳಿದ್ದೂ ನಿಜವೇ. ಅದೇ ತೊಂದರೆ.

"ಲಿಫ್ಟ್ ಒಂದನ್ನಾದ್ರೂ ವಾಪಸ್ ಪಟ್ಟಿಗೆ ಹಾಕು."

"ಪರಿಹಾರ ಆಗಿದೆ ಅಂತ ಸಭೇಲಿ ಓದಿದ್ದನ್ನ ಯಾವ ಮುಖ ಇಟ್ಕೊಂಡು ಹಾಕ್ಲಿ? ನೋಡೋಣ."

ಅಮ್ಮನ 'ನೋಡೋಣ' ಏನೆಂದು ಬೆಂಚಿನವರಿಗೆಲ್ಲ ಗೊತ್ತು. ಬಾಗಿಲ ಹತ್ತಿರ ಹೋದವಳು ತಿರುಗಿದಳು. "ನೀನು ಒಳ್ಳೇದಕ್ಕೇ ಹೇಳಿದ್ದು ಪುಟ್ಟಿ. ತಲೆಗೆ ಹಚ್ಕೋಬೇಡ."

ಬೈದಿದ್ದರೆ ಚೆನ್ನಾಗಿತ್ತು.

ನವೆಂಬರ್ 8, ಶನಿವಾರ

ನೆನಪಾಯಿತು. ಆರನೇ ಕ್ಲಾಸು. ನನ್ನ ಮಂಚದ ಪಕ್ಕದ ಕಿಟಕಿಗೆ ಚಿಲಕ ಇರಲಿಲ್ಲ, ಕಂಪ್ಲೇಂಟ್ ಬುಕ್ಕಿನಲ್ಲಿ ಬರೆದಿದ್ದೆ. ಗಾಳಿಗೆ ಜ್ವರ ಬಂತು. ಭಾನುವಾರ ನಾನು ಸಿಕ್ ರೂಮಿನಲ್ಲಿ ಮಲಗಿದ್ದೆ. ಸಹಿ ಹಾಕಲು ಹೋಗಲಿಲ್ಲ. ಕೆಂಪು ಗೆರೆ ಬಿತ್ತು. ಚಳಿಗಾಲವಿಡೀ ಸಂದಿಗೆ ಟವೆಲ್ ತುರುಕಿ ಮಲಗಿದೆ.

ನನಗೆ ಗೊತ್ತಿತ್ತು. ಬೇರೆ ಯಾರಿಗಲ್ಲದಿದ್ದರೂ ನನಗೆ ಗೊತ್ತಿತ್ತು.

ನವೆಂಬರ್ 9, ಭಾನುವಾರ. ಸಂಜೆ 7

ಬೆಳಿಗ್ಗೆ ಅಮ್ಮ ತಾನಾಗಿಯೇ ಕೇಳಿದಳು, "ಆ ಹುಡುಗಿ ಮನೆ ತೋರಿಸ್ತೀಯಾ?"

ನೂರಿಪ್ಪತ್ತು ಮೆಟ್ಟಿಲೂ ಹತ್ತಿದಳು. ಒಂದು ದಪ್ಪ ಬೆಡ್‌ಶೀಟ್ ಕೇಳಿ ಇಸಿದುಕೊಂಡು ಎರಡು ಮಡಿಕೆ ಮಾಡಿದಳು, ಅವಳ ಕೆಳಗೆ ನುಸುಳಿಸಿದಳು, ಗಂಟು ಹಾಕಿದಳು. "ನನ್ನ ಕುತ್ತಿಗೆ ಹಿಡ್ಕೋ ಕಂದಾ. ನೋವಾದ್ರೆ ನೋವು ಅನ್ನು, ನಾಚ್ಕೋಬೇಡ." ಅಮ್ಮ ಒಂದು ಕಡೆ, ಇಸ್ತ್ರಿಯವರು ಒಂದು ಕಡೆ, ನಾನು ಕಾಲಿನ ಕಡೆ. ತಿರುವು ಬಂದಾಗಲೆಲ್ಲ ಅಮ್ಮ ಮೆಲ್ಲಗೆ "ಈಗ ಎಡ, ಈಗ ನಿಲ್ಲು, ಉಸಿರು ಬಿಡು" ಎನ್ನುತ್ತಿದ್ದಳು. ಬೆವರು ಇಳಿಯುತ್ತಿತ್ತು. ಅಮ್ಮ ನರ್ಸ್ ಆಗಿದ್ದಾಗ ಹೇಗಿದ್ದಳೋ ನನಗೆ ನೆನಪಿರಲಿಲ್ಲ. ಇವತ್ತು ನೋಡಿದೆ.

ಎರಡನೇ ಮಹಡಿಯಲ್ಲಿ ಗುಮಾಸ್ತ ಮಾಮ ಮೊಬೈಲ್ ಹಿಡಿದು ನಿಂತಿದ್ದರು.

"ಬೇಡಪ್ಪಾ, ಇದೆಲ್ಲ ಬೇಡ" ಎಂದಳು ಅಮ್ಮ. ಮಾಮ ಒಂದು ತೆಗೆದರು. ಎರಡನೆಯದನ್ನು ತೆಗೆಯುವಾಗ ಅಮ್ಮ ಕ್ಯಾಮೆರಾ ನೋಡಿದಳು.

ವಾರ್ಡಿನಲ್ಲಿ ಬಡಗಿ ಅಂಗಾತ ಮಲಗಿದ್ದರು, ಅಲ್ಲಾಡುವಂತಿಲ್ಲ. ಮಗಳು ಬಂದದ್ದು ನೋಡಿ ಕೇಳಿದ್ದು: "ಬಾಗ್ಲು ಬೀಗ ಹಾಕಿದ್ಯಾ?"

"ಹಾಕಿದೀನಿ ಅಪ್ಪ. ಕಿಟಕಿ ಒಂದು ತೆಗೆದಿದೆ."

"ಮಳೆ ಬಂದ್ರೆ ಪುಸ್ತಕ ನೆನೀತವೆ. ಹೋಗಿ ಮುಚ್ಚು."

ಅವಳು ಹೂಂ ಎಂದಳು. ಹೊರಗೆ ಬಂದ ಮೇಲೆ ಅಮ್ಮನನ್ನು ಕೇಳಿದಳು, "ಮತ್ತೆ ಮೇಲಕ್ಕೆ ಯಾರು ಹತ್ತಿಸ್ತಾರೆ?"

ಅಮ್ಮನಿಗೆ ನಾಲ್ಕಕ್ಕೆ ಮೀಟಿಂಗ್ ಇತ್ತು. ಇಸ್ತ್ರಿಯವರಿಗೆ ಸೊಂಟ ಹಿಡಿದಿತ್ತು. ಮಾಮ ಎಲ್ಲೋ ಫೋನ್ ಮಾಡಿದರು. ಮಂಡಳಿಯ ಆಸರೆ ಕೇಂದ್ರದಲ್ಲಿ ಒಂದು ಮಂಚ ಖಾಲಿ ಇದೆಯಂತೆ, 'ತಾತ್ಕಾಲಿಕವಾಗಿ'. ಊರಾಚೆ. ಐದು ಗಂಟೆಗೆ ವ್ಯಾನ್ ಬಂತು. ಅವಳ ಹತ್ತಿರ ಉಟ್ಟ ಬಟ್ಟೆ ಬಿಟ್ಟರೆ ಏನೂ ಇರಲಿಲ್ಲ. ನನ್ನ ಪೆನ್ ಕೊಟ್ಟೆ, ಹಸಿರು ಇಂಕಿನದು. "ಕಿಟಕಿ" ಎಂದಳು ನನಗೆ. ಬೀಗದ ಕೀ ಕೊಟ್ಟಳು.

ಹತ್ತಿ ಮುಚ್ಚಿ ಬಂದೆ. ಪುಸ್ತಕ ನೆನೆದಿಲ್ಲ.

ನವೆಂಬರ್ 14, ಶುಕ್ರವಾರ

ಎರಡನೇ ಮುದ್ರಣ. ನಾಲ್ಕನೇ ಪುಟದಲ್ಲಿ ಮೆಟ್ಟಿಲ ಮೇಲಿನ ಫೋಟೊ. 'ಹೆಗಲು ಕೊಟ್ಟ ಜನಸೇವೆ'. ಅವಳ ಮುಖ ಅರ್ಧ ಕತ್ತರಿಸಿ ಹೋಗಿದೆ. ಕಾಲು ಹಿಡಿದ ನನ್ನ ಎರಡು ಕೈ ಮಾತ್ರ ಕಾಣುತ್ತವೆ.

ಶೀಟ್ ತೆರೆದೆ. 217ರ 'ಆಗಿದೆ' ಅಳಿಸಿ 'ಆಗಿಲ್ಲ' ಮಾಡಿದೆ. ಮಧ್ಯಾಹ್ನಕ್ಕೆ ಮಾಮ ಅದನ್ನೂ ಅಳಿಸಿದ್ದರು. 'ಅರ್ಜಿದಾರರು ಸದರಿ ವಿಳಾಸದಲ್ಲಿ ಇಲ್ಲ.'

"ಸುಳ್ಳಲ್ವಲ್ಲ ತಾಯಿ?" ಎಂದರು. ಸುಳ್ಳಲ್ಲ.

ಮನೆ ಬೀಗ ಬಿದ್ದು ಮೂವತ್ತು ದಿನವಾದರೆ ಬೇರೆಯವರಿಗೆ ಕೊಡುತ್ತಾರಂತೆ. ಬಡಗಿಗೆ ಇನ್ನು ಮೆಟ್ಟಿಲ ಮಾತೇ ಇಲ್ಲ, ಡಾಕ್ಟರ್ ಹೇಳಿಯಾಗಿದೆ. ಲಿಫ್ಟ್ ಬರುತ್ತದೆ ಎಂದು ಕಾಗದದಲ್ಲಿದ್ದರೆ ಮನೆ ಅವರ ಹೆಸರಲ್ಲೇ ಉಳಿಸಬಹುದು. ಇಲ್ಲದಿದ್ದರೆ ಅಪ್ಪ ಒಂದು ಕಡೆ, ಮಗಳು ಒಂದು ಕಡೆ. ಅವಳ ಕಾಲೇಜು ಯಾವ ಕಡೆಯೂ ಇಲ್ಲ.

ನವೆಂಬರ್ 17, ಸೋಮವಾರ. ರಾತ್ರಿ

ಬೆಳಿಗ್ಗೆ ಏಳಕ್ಕೆ ಬೆಂಚಿನ ಮೇಲೆ ಕೂತೆ. ನಿಜವಾಗಿ. ಸಾಲಿನಲ್ಲಿ ನಾಲ್ಕನೆಯವಳು. ನನ್ನ ಸರದಿ ಬಂದಾಗ ಅಮ್ಮ ತಲೆ ಎತ್ತಿ ನೋಡಿದಳು. ಫೋನ್ ಮುಟ್ಟಲಿಲ್ಲ.

"ಹೇಳಿ" ಎಂದಳು. ಬೆಂಚಿನವರಿಗೆ ಅನ್ನುವ ಹಾಗೇ.

"ಮೂರನೇ ಬ್ಲಾಕಿಗೆ ಲಿಫ್ಟ್ ಬೇಕು."

"ನೀವು ಅಲ್ಲಿ ಇರೋರಾ?"

"ಅಲ್ಲ."

ಬಹಳ ಹೊತ್ತು ಪೆನ್ ತಿರುಗಿಸಿದಳು. ಆಮೇಲೆ ಮೆಲ್ಲಗೆ, "ಅವಳು ಹೊಸದಾಗಿ ಬರೆದ್ರೆ ಅದು ಹೊಸ ಅರ್ಜಿ. ಹಳೇದು ಪರಿಹಾರ ಆಗಿತ್ತು, ಮತ್ತೆ ಕೆಟ್ಟಿದೆ ಅಂತ ನಾನು ಸಭೇಲಿ ಹೇಳ್ಬಹುದು. ನನ್ನ ಮುಖಾನೂ ಉಳಿಯುತ್ತೆ, ಲಿಫ್ಟೂ ಬರುತ್ತೆ. ಕಮಾನು ತೆಗೀತೀನಿ. ಆದ್ರೆ ಅವಳ ಕೈಬರಹ ಬೇಕು, ಸಹಿ ಬೇಕು. ಶನಿವಾರ ಸಂಜೆಯೊಳಗೆ. ಸೋಮವಾರ ಸಭೆ."

"ಬರದಿದ್ರೆ?"

"ಬರದಿದ್ರೆ..." ನಿಲ್ಲಿಸಿದಳು. "ಮುಂದಿನವರು ಬನ್ನಿ."

ಮಧ್ಯಾಹ್ನ ಆಸರೆ ಕೇಂದ್ರಕ್ಕೆ ಹೋದೆ. ಭೇಟಿ ತಿಂಗಳ ಮೊದಲ ಭಾನುವಾರ, ರಕ್ತಸಂಬಂಧಿಗಳಿಗೆ ಮಾತ್ರ. ಫೋನ್ ಆಫೀಸಿನದು, ನಿವಾಸಿಗಳಿಗೆ ಇಲ್ಲ. ಮೆಂಬರ್ ಮಗಳು ಎಂದೆ. "ಮೆಂಬರ್ ಬರ್ಲಿ" ಎಂದರು ಮೇಟ್ರನ್. ಅಮ್ಮನಿಗೆ ಹೇಳಿದರೆ, ತಾನೇ ಹೋಗಿ ಬರೆಸಿದಳು ಅನ್ನಿಸಿಕೊಳ್ಳಬಾರದು, ಅಂಚೆಯಲ್ಲೇ ಬರಬೇಕು ಎಂದಳು. ಕಾಗದ ಕೊಡಬಹುದಂತೆ. ಮೇಟ್ರನ್ ಓದಿ ಕೊಡುತ್ತಾರೆ.

ಓದಲಿ. ನನಗೆ ಅಭ್ಯಾಸವಿದೆ.

ಕಾಗದ, ಸ್ಟ್ಯಾಂಪ್ ಹಚ್ಚಿದ ಕಾರ್ಡ್, ಎರಡೂ ಕೊಟ್ಟು ಬಂದೆ. ಲಿಫ್ಟ್ ವಿಷಯ ಪೂರಾ ಬರೆದೆ. ನಿಯಮ ಯಾರದು ಎಂಬುದನ್ನು ಮಾತ್ರ ಬರೆಯಲಿಲ್ಲ.

ನವೆಂಬರ್ 20, ಗುರುವಾರ

ಇಲ್ಲ.

ನವೆಂಬರ್ 21, ಶುಕ್ರವಾರ. ಮಧ್ಯಾಹ್ನ 2

ಇವತ್ತಿನ ಟಪಾಲಿನಲ್ಲೂ ಇಲ್ಲ. ಕ್ಲಾಸ್ ಬಿಟ್ಟು ಬಂದಿದ್ದೇನೆ. ಕೇಂದ್ರದ ಗೇಟಿನ ಹೊರಗೆ, ಕಲ್ಲಿನ ಮೇಲೆ ಕೂತು ಬರೆಯುತ್ತಿದ್ದೇನೆ. ಕಾಗದ ಕೊಟ್ಟಿರಾ ಎಂದು ಗೇಟಿನವರನ್ನು ಕೇಳಿದೆ. "ಒಳಗೆ ಹೋಗಿದೆ, ಆಮೇಲೆ ಗೊತ್ತಿಲ್ಲ" ಎಂದರು. ಅಂಚೆಗೆ ಇನ್ನು ಸಮಯವಿಲ್ಲ. ಗೇಟಿನಿಂದ ಕೈಗೆ ಕೊಟ್ಟರೂ ನಡೆಯುತ್ತದೆ, ಅಮ್ಮ ಅಷ್ಟಕ್ಕೆ ಒಪ್ಪಿದ್ದಾಳೆ. ಇಲ್ಲಿ ಮೊದಲು ಬರೆದು ಕಾರ್ಡಿಗೆ ಇಳಿಸುತ್ತೇನೆ, ತಪ್ಪಾಗಬಾರದು.

'ನಿನ್ನ ಕಿಟಕಿ ಮುಚ್ಚಿದ್ದೇನೆ. ಪುಸ್ತಕ ನೆನೆದಿಲ್ಲ. ಡಬ್ಬಿಯ ಕೀ ನಿನ್ನ ಅಪ್ಪನಿಂದ ಇಸಿದುಕೊಂಡು ದಿನಾ ತೆಗೆಯುತ್ತೇನೆ. ಅವರು ನಿನ್ನ ಊಟದ ಬಗ್ಗೆ ಕೇಳುತ್ತಾರೆ, ಮಾಡುತ್ತಿದ್ದಾಳೆ ಎನ್ನುತ್ತೇನೆ.

ಆ ದಿನ ಗೊತ್ತಿಲ್ಲ ಎಂದೆ. ಸುಳ್ಳು. ಇಪ್ಪತ್ತೊಂದು ದಿನದ ನಿಯಮ ಮಾಡಿದ್ದು ನಾನು. ನಿನ್ನ ಹೆಸರಿನ ಮುಂದೆ 'ಆಗಿದೆ' ಎಂದು ಬರೆದದ್ದೂ ನಾನು. ನೀನು ಬೈದು ಬರೆದರೂ ಸರಿ. ಆದರೆ ಬೈಗುಳದ ಕೊನೆಗೆ 'ಲಿಫ್ಟ್ ಸರಿಯಾಗಿಲ್ಲ' ಎಂದು ಒಂದು ಸಾಲು ಬರೆದು, ಸಹಿ ಹಾಕು, ತಾರೀಖು ಹಾಕು. ನನ್ನನ್ನು ಕ್ಷಮಿಸದೆಯೂ ಅಷ್ಟು ಮಾಡಬಹುದು.

ನಾಳೆ ಸಂಜೆಯವರೆಗೆ ಗೇಟಿನಲ್ಲೇ ಇರುತ್ತೇನೆ. ನೀನು ಸುಮ್ಮನಿದ್ದರೆ ಈ ಸಲವೂ ಅವರು ಅದನ್ನು ಉತ್ತರ ಎಂದೇ

ದಯವಿಟ್ಟು ಬೇಗ ಉತ್ತರ ಬರೆ.'